ಕೇರಿಯ ಗೆರೆಯೂ ಊರಿನ ಆರೋಗ್ಯವೂ



ನಕ್ಷೆಯ ಮೇಲಿನ ಒಂದು ಗೆರೆ ಮನುಷ್ಯನ ಬಾಳನ್ನು ಎಷ್ಟು ಬದಲಿಸಬಲ್ಲುದೆಂಬುದನ್ನು ಗಡಿಯ ಹಳ್ಳಿಗಳವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಊರೊಳಗೂ ಒಂದು ಗೆರೆಯುಂಟು. ಅದು ಜನರ ವಾಸವನ್ನು ಮಾತ್ರವಲ್ಲ, ಅವರ ಆರೋಗ್ಯವನ್ನೂ ಆಯುಷ್ಯವನ್ನೂ ಬೇರ್ಪಡಿಸುತ್ತದೆ. ಅಮೆರಿಕದ ನಗರಗಳ ವೃತ್ತಾಂತದಿಂದ ಈ ಮಾತನ್ನು ತಮಗೆ ಅರಿಕೆ ಮಾಡಿಕೊಳ್ಳುತ್ತೇವೆ.

ಆ ದೇಶದಲ್ಲಿ ಕರಿಯರ ಮರಣಪ್ರಮಾಣ ಬಿಳಿಯರಿಗಿಂತ ಹೆಚ್ಚಾಗಿದ್ದಿತು. ಅದು ಅವರ ರಕ್ತದ ದೋಷವೆಂದು ಅನೇಕ ಪಂಡಿತರು ಸಾಧಿಸುತ್ತಿದ್ದರು. ಕಪ್ಪುಜನಾಂಗದ ವಿದ್ವಾಂಸರಾದ ಡು ಬಾಯ್ಸರು ಫಿಲಡೆಲ್ಫಿಯದ ಏಳನೆಯ ವಾರ್ಡಿನಲ್ಲಿ ಮನೆಮನೆಗೂ ಹೋಗಿ ವಿಚಾರಿಸಿ, 1899ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ದೋಷವು ರಕ್ತದ್ದಲ್ಲ, ಇಕ್ಕಟ್ಟಿನ ಮನೆ, ಕೊಳಕು, ಬಡತನಗಳದ್ದು ಎಂಬುದು ಅವರ ನಿರ್ಣಯ.

1910ರಲ್ಲಿ ಬಾಲ್ಟಿಮೋರ್ ನಗರವು ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಬೀದಿಗಳನ್ನು ಕಾನೂನಿನಿಂದಲೇ ಗೊತ್ತುಪಡಿಸಿತು. 1917ರಲ್ಲಿ ಶ್ರೇಷ್ಠ ನ್ಯಾಯಾಲಯವು ಇಂಥ ಕಾನೂನುಗಳನ್ನು ತಳ್ಳಿಹಾಕಿತು. ಕಾನೂನು ಹೋಯಿತು, ಗೆರೆ ಉಳಿಯಿತು. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆಯು 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಯಿಸಿ, ಕರಿಯರಿದ್ದ ಬಡಾವಣೆಗಳಿಗೆ ಬಹುಮಟ್ಟಿಗೆ ಕೆಂಪು ಬಳಿದು ‘ಅಪಾಯಕರ’ವೆಂದು ಗುರುತಿಸಿತು. ಅಲ್ಲಿಯವರಿಗೆ ಮನೆಯ ಸಾಲ ದುರ್ಲಭವಾಯಿತು.

ಸಾಲಕ್ಕೂ ರೋಗಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಾಲವಿಲ್ಲದೆ ಮನೆ ದುರಸ್ತಿಯಾಗದು. ಹಳೆಯ ಗೋಡೆಯಿಂದ ಉದುರುವ ಸೀಸದ ಬಣ್ಣ ಮಕ್ಕಳ ಮಿದುಳನ್ನು ಕೆಡಿಸುತ್ತದೆ. ನೆಲ ಅಗ್ಗವಾದೆಡೆಗೆ ಹೆದ್ದಾರಿಯೂ ಕಾರ್ಖಾನೆಯೂ ಬರುತ್ತವೆ. ಅವುಗಳ ಹೊಗೆಯಿಂದ ಉಬ್ಬಸ ಹೆಚ್ಚುತ್ತದೆ. ಮರ ನೆಡುವವರಿಲ್ಲದೆಡೆ ಬಿಸಿಲು ಕಾಯುತ್ತದೆ. 1968ರಲ್ಲಿ ಮನೆಯ ವಿಷಯದಲ್ಲಿನ ಭೇದವನ್ನು ಕಾನೂನು ನಿಷೇಧಿಸಿತು. ಆದರೂ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 108 ನಗರಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಶೇಕಡ 94ರಲ್ಲಿ ಆ ಹಳೆಯ ಕೆಂಪು ಬಡಾವಣೆಗಳ ನೆಲವೇ ಬೇಸಗೆಯಲ್ಲಿ ಹೆಚ್ಚು ಕಾಯುತ್ತಿದ್ದಿತು. ಸರಾಸರಿ ಅಂತರ 2.6 ಡಿಗ್ರಿ ಸೆಲ್ಷಿಯಸ್. ಬಣ್ಣ ಬಳಿದವರು ತೀರಿಹೋದರು. ಬಿಸಿಲು ಮಾತ್ರ ಮೊಮ್ಮಕ್ಕಳ ಪಾಲಿಗೆ ಬಂದಿತು.

ಮಹಾಶಯರೆ, ಅಮೆರಿಕದವರನ್ನು ಹಳಿದು ಮನೆಗೆ ಹೋಗುವುದು ಸುಲಭ. 1946ರಲ್ಲಿ ಡಾಕ್ಟರ್ ಅಂಬೇಡ್ಕರರು ಇದೇ ಡು ಬಾಯ್ಸರಿಗೆ ಪತ್ರ ಬರೆದು, ಅವರ ಜನರಿಗೂ ನಮ್ಮ ದೇಶದ ಅಸ್ಪೃಶ್ಯರಿಗೂ ಇರುವ ಸಾಮ್ಯವನ್ನು ನೆನಪಿಸಿದರು. ಆ ಸಾಮ್ಯವನ್ನು ಕಾಣಲು ನಾವು ಹಡಗು ಹತ್ತಬೇಕಾಗಿಲ್ಲ. ನಮ್ಮೂರಿನ ಕೆಳಗೇರಿಯವರೆಗೆ ನಡೆದರೆ ಸಾಕು. ಅಲ್ಲಿಯ ನಲ್ಲಿಗೆ ನೀರು ಕೊನೆಗೆ ಬರುತ್ತದೆ. ನೀರು ನಿಂತ ಹೊತ್ತಿನಲ್ಲಿ ಒಡೆದ ಕೊಳವೆಯೊಳಕ್ಕೆ ಚರಂಡಿ ಇಳಿಯುತ್ತದೆ. ಮೇಲುಕೇರಿಯ ಬಚ್ಚಲ ನೀರೂ ಹರಿದು ನಿಲ್ಲುವುದು ಅಲ್ಲಿಯೇ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಮಳೆಗಾಲದಲ್ಲಿ ಆ ಕೇರಿಯ ಮಕ್ಕಳು ಶಾಲೆಗೆ ಬಾರದಿದ್ದಾಗ, ಹಾಜರಿಪಟ್ಟಿಯ ಅಂಚಿನಲ್ಲಿ ‘ಪೋಷಕರ ಅಲಕ್ಷ್ಯ’ ಎಂದು ನಾವು ವರ್ಷಾನುಗಟ್ಟಲೆ ಬರೆದೆವು. ಒಮ್ಮೆ ವಿಚಾರಿಸಲು ಹೋದಾಗ ಮಕ್ಕಳು ವಾಂತಿಭೇದಿಯಿಂದ ಮಲಗಿದ್ದರು. ತಾಯಿ ಕೂಲಿ ಬಿಟ್ಟು ಪಕ್ಕದಲ್ಲಿ ಕುಳಿತಿದ್ದಳು. ಅಲಕ್ಷ್ಯ ಯಾರದೆಂದು ಅಂದು ನಮಗೆ ತಿಳಿಯಿತು. ರಕ್ತವನ್ನು ದೂರಿದ ಪಂಡಿತರಿಗೂ ನಮಗೂ ಏನು ಭೇದ?

ಆದುದರಿಂದ ನಮ್ಮ ವಿನಂತಿ ಇಷ್ಟೆ. ಈ ಮಳೆಗಾಲಕ್ಕೆ ಮುನ್ನ ಕೆಳಗೇರಿಯ ಕೊಳವೆ ದುರಸ್ತಿಯಾಗಲಿ, ಚರಂಡಿಗೆ ದಾರಿಯಾಗಲಿ, ಹೊಸ ನಿವೇಶನಗಳನ್ನು ಹಂಚುವಾಗ ಎಲ್ಲ ಜನರ ಮನೆಗಳೂ ಒಂದೇ ಸಾಲಿನಲ್ಲಿ ಏಳಲಿ. ನಾಡಿನ ಗಡಿಯನ್ನು ಗೊತ್ತುಮಾಡುವವರು ದೂರದಲ್ಲಿದ್ದಾರೆ. ಕೇರಿಯ ಗೆರೆಯನ್ನು ಎಳೆದವರು ನಾವೇ, ಅಳಿಸಬೇಕಾದವರೂ ನಾವೇ.