ನಮ್ಮ ಬೆಲೆ ಮೊದಲು ನಮಗೆ ತಿಳಿಯಲಿ

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸದಲ್ಲಿ ಮೇಲೆ ಬರುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಗೆಳೆಯರು ಕೇಳಿದ್ದಾರೆ. ನಾನು ಮೆಟ್ರಿಕ್ ಓದಿದವನು. ಕೆಲವು ವರ್ಷ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು. ದೊಡ್ಡ ಹುದ್ದೆ ಏರಿದವನಲ್ಲ. ಆದುದರಿಂದ ಏರಿದವರ ಗುಟ್ಟನ್ನು ನಾನು ಹೇಳಲಾರೆ. ನಾನು ಮಾಡಿದ ಒಂದು ತಪ್ಪಿನಿಂದ ಪ್ರಾರಂಭ ಮಾಡುತ್ತೇನೆ.

ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕ ಹತ್ತುತ್ತಿರಲಿಲ್ಲ. ಒಂದು ದಿನ ಸಿಟ್ಟಿನಲ್ಲಿ, "ಹೀಗೇ ಇರು, ನಿಮ್ಮಪ್ಪನ ಹಾಗೆ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿಯುತ್ತೀಯ" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ತಿರುಗಿ ನೋಡಿದರೆ ಆ ಹುಡುಗನ ತಂದೆಯೇ ಬಾಗಿಲಲ್ಲಿ ನಿಂತಿದ್ದಾರೆ. ರಾತ್ರಿ ಪಾಳಿ ಮುಗಿಸಿ, ಮಗ ಮರೆತು ಬಂದಿದ್ದ ಬುತ್ತಿಯನ್ನು ತಂದಿದ್ದರು. ಅವರು ನನ್ನನ್ನು ಬೈದಿದ್ದರೆ ನಾನು ಕ್ಷಮೆ ಕೇಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವರು ಬೈಯಲಿಲ್ಲ. ಕೈ ಮುಗಿದು, "ಸರಿಯಾಗಿ ಹೇಳಿದ್ರಿ ಮಾಸ್ತರೇ, ನಮ್ಮದೂ ಒಂದು ಬಾಳೇನ್ರಿ?" ಎಂದು ನಕ್ಕು ಹೊರಟುಹೋದರು.

ಆ ಹುಡುಗ ಆ ವರ್ಷವೆಲ್ಲ ತಲೆ ಎತ್ತಿ ಪಾಠ ಒಪ್ಪಿಸಲಿಲ್ಲ. ನಾನು ಆಡಿದ ಮಾತು ಕೆಟ್ಟದ್ದು, ನಿಜ. ಆದರೆ ಅದಕ್ಕಿಂತ ಕೆಟ್ಟದ್ದು ಆ ತಂದೆ ಅದನ್ನು ಒಪ್ಪಿಕೊಂಡದ್ದು. ಅವರಿಗೆ ಹಾಗೆ ಒಪ್ಪಿಕೊಳ್ಳುವುದನ್ನು ಕಲಿಸಿದವರು ನನ್ನಂಥವರೇ.

ಇದರಲ್ಲಿ ಮನಸ್ಸಿನ ನೋವು ಮಾತ್ರ ಇದೆಯೆಂದು ತಿಳಿಯಬೇಡಿ. ಹೊಟ್ಟೆಯ ಲೆಕ್ಕವೂ ಇದೆ. ತನ್ನನ್ನು ತಾನೇ ಕೀಳೆಂದು ತಿಳಿದವನು ಕಲಿಯಲಾರ. ಏಕೆಂದರೆ ಕಲಿಯಬೇಕಾದರೆ "ನನಗೆ ಇದು ಗೊತ್ತಿಲ್ಲ, ಹೇಳಿಕೊಡಿ" ಎಂದು ಬಾಯಿ ಬಿಟ್ಟು ಕೇಳಬೇಕು. ಕೀಳರಿಮೆ ಇರುವವನಿಗೆ ಆ ಮಾತೇ ಹೊರಡುವುದಿಲ್ಲ. ಕೇಳಿದರೆ ನಾಲ್ಕು ಜನರ ಎದುರು ಬಣ್ಣ ಬಯಲಾದೀತೆಂಬ ಭಯ. ಹೊಸ ಯಂತ್ರ ಬಂದಾಗ ಹಿಂದೆ ಸರಿದು ನಿಲ್ಲುವವನು ಅವನೇ. ಯಂತ್ರದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲ ಕೈಗಾರ, ಒಂದು ಅರ್ಜಿ ತುಂಬಲು ಬರದೆಂಬ ನಾಚಿಕೆಯಿಂದ ಮೇಲಿನ ಕೆಲಸಕ್ಕೆ ಹೆಸರನ್ನೇ ಕೊಡುವುದಿಲ್ಲ. ಅವನ ಕೈಕೆಳಗೆ ಕಲಿತ ಹುಡುಗ ಅವನ ಮೇಲಿನವನಾಗುತ್ತಾನೆ.

ಸಣ್ಣ ವ್ಯಾಪಾರಿಗಳ ಪಾಡೂ ಇದೇ. "ನಮ್ಮದೇನು ಮಹಾ ಅಂಗಡಿ" ಎಂದು ಲೆಕ್ಕ ಬರೆದಿಡುವುದಿಲ್ಲ. ದೊಡ್ಡ ಮನುಷ್ಯರು ಉದ್ರಿ ಒಯ್ದರೆ ಕೇಳಲು ಸಂಕೋಚ. ಬಡವನ ಎಂಟಾಣೆ ಬಾಕಿಗೆ ಮಾತ್ರ ಗದರಿಕೆ! ತನ್ನ ಮಾಲಿಗೂ ಶ್ರಮಕ್ಕೂ ಬೆಲೆಯಿದೆಯೆಂದು ನಂಬಿದವನು ಖಾತೆ ಪುಸ್ತಕ ಇಡುತ್ತಾನೆ. ಇಬ್ಬರನ್ನೂ ಒಂದೇ ದನಿಯಲ್ಲಿ ಕೇಳುತ್ತಾನೆ.

ಈಗ ಗಿರಣಿಯ ಬೀದಿಯಿಂದಲೇ ಬಂದ ಒಬ್ಬರ ಸಂಗತಿ ಹೇಳುತ್ತೇನೆ. ಮುಂಬಯಿಯ ಬೀದಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಒಂದು ಹಸುಗೂಸನ್ನು ಗಂಗಾರಾಮ ಸುರ್ವೆ ಎಂಬ ಗಿರಣಿ ಕೆಲಸಗಾರರು ಎತ್ತಿ ತಂದು ಸಾಕಿದರು. ತಮ್ಮ ಹೆಸರನ್ನೂ ಕೊಟ್ಟರು. ಆ ಮಗುವೇ ನಾರಾಯಣ ಸುರ್ವೆ. ಸಾಕುತಂದೆ ಗಿರಣಿ ಬಿಟ್ಟು ಕೊಂಕಣದ ಊರಿಗೆ ಮರಳಿದಾಗ ಹುಡುಗ ಇನ್ನೂ ಚಿಕ್ಕವನು. ಹೋಟೆಲಿನಲ್ಲಿ ಬಟ್ಟಲು ತೊಳೆದ, ಮನೆಗೆಲಸ ಮಾಡಿದ, ಹಾಲು ಹಂಚಿದ, ಮೂಟೆ ಹೊತ್ತ, ಗಿರಣಿಯಲ್ಲಿ ದುಡಿದ. ಮುಂದೆ ಶಾಲೆಯೊಂದರ ಜವಾನನಾದ. ಆ ಕೆಲಸದಲ್ಲಿದ್ದುಕೊಂಡೇ ಓದಿ, ಪರೀಕ್ಷೆ ಪಾಸು ಮಾಡಿ, ಶಾಲಾ ಮಾಸ್ತರರಾದರು. 1962ರಲ್ಲಿ ಅವರ ಮೊದಲ ಕವನ ಸಂಗ್ರಹ ಬಂತು. 1966ರಲ್ಲಿ ಬಂದ ಎರಡನೆಯದರ ಹೆಸರು 'ಮಾಝೆ ವಿದ್ಯಾಪೀಠ', ಅಂದರೆ ನನ್ನ ವಿಶ್ವವಿದ್ಯಾಲಯ. ಯಾವ ವಿಶ್ವವಿದ್ಯಾಲಯ? ಅವರು ಬೆಳೆದ ಅದೇ ಬೀದಿ! 1995ರಲ್ಲಿ ಪರಭಣಿಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1998ರಲ್ಲಿ ಪದ್ಮಶ್ರೀ ಬಂತು. 2010ರಲ್ಲಿ ತೀರಿಕೊಂಡರು.

ಪ್ರಶಸ್ತಿಗಾಗಿ ನಾನು ಇದನ್ನು ಹೇಳುತ್ತಿಲ್ಲ. ಎಲ್ಲರೂ ಕವಿಗಳಾಗಲಾರರು, ಆಗಬೇಕಾದ್ದೂ ಇಲ್ಲ. ಸುರ್ವೆಯವರು ಹುಟ್ಟಿನ ಸಂಗತಿಯನ್ನು ಮುಚ್ಚಿಡಲಿಲ್ಲ. ಜವಾನನಾಗಿದ್ದೆ ಎಂಬುದನ್ನು ಒರೆಸಿಹಾಕಲಿಲ್ಲ. ಮುಚ್ಚಿಡುವುದಕ್ಕೆ ವೆಚ್ಚವಾಗುವ ಶಕ್ತಿಯೆಲ್ಲ ಅವರಿಗೆ ಓದುವುದಕ್ಕೆ ಉಳಿಯಿತು. ಅಷ್ಟನ್ನು ನಾವೂ ಮಾಡಬಹುದು.

ಇದು ನಮ್ಮ ನಾಡಿಗೆ ಹೊಸ ಮಾತೂ ಅಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರು ತಮ್ಮ ವಚನಗಳಿಗೆ ಬೇರೆ ಅಂಕಿತ ಹುಡುಕಲಿಲ್ಲ. ದೋಣಿ ನಡೆಸುವ ಕಸುಬು ಕೂಡಿದ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡರು.

ಇಲ್ಲಿ ಒಂದು ಎಚ್ಚರಿಕೆ ಬೇಕು. "ಇದ್ದದ್ದರಲ್ಲಿ ತೃಪ್ತಿಪಡು, ನಿನ್ನ ಕೆಲಸವೇ ದೊಡ್ಡದು" ಎಂದು ಬೆನ್ನು ತಟ್ಟಿ, ಕೂಲಿಯ ಮಾತು ಬಂದಾಗ ಮುಖ ತಿರುಗಿಸುವವರೂ ಇದ್ದಾರೆ. ನನ್ನನ್ನು ನಾನು ಒಪ್ಪಿಕೊಳ್ಳುವುದು ಬೇರೆ. ನನಗೆ ಕೊಡುವ ಕೂಲಿಯನ್ನು ಒಪ್ಪಿಕೊಳ್ಳುವುದು ಬೇರೆ. ನನಗೆ ಬೆಲೆಯಿದೆ ಎಂದು ತಿಳಿದವನೇ, ಕೊಟ್ಟ ಬೆಲೆ ಕಡಿಮೆ ಎಂದು ಹೇಳಬಲ್ಲ.

ಅಮೆರಿಕದ ಮೆಂಫಿಸ್ ನಗರದಲ್ಲಿ 1968ರ ಫೆಬ್ರವರಿ 1ರಂದು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕರಿಯ ಕೆಲಸಗಾರರು ಸತ್ತರು. ಸುಮಾರು 1300 ಜನ ಕೆಲಸ ನಿಲ್ಲಿಸಿದರು. ಮಕ್ಕಳಿರುವ ಗಂಡಸರನ್ನೂ ಅಲ್ಲಿ "ಏ ಹುಡುಗ" ಎಂದೇ ಕೂಗುವ ವಾಡಿಕೆಯಿತ್ತು. ಅವರು ಕೊರಳಿಗೆ ಹಾಕಿಕೊಂಡ ಫಲಕದಲ್ಲಿ ಕೂಲಿಯ ಅಂಕಿ ಇರಲಿಲ್ಲ. ನಾನೂ ಮನುಷ್ಯ ಎಂಬಷ್ಟೇ ಅರ್ಥದ ಮಾತಿತ್ತು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಏಪ್ರಿಲ್ 4ರಂದು ಆ ಊರಿನಲ್ಲೇ ಗುಂಡಿಟ್ಟು ಕೊಂದರು. ಆದರೂ ಜನ ಕದಲಲಿಲ್ಲ. ಏಪ್ರಿಲ್ 16ರಂದು ಒಪ್ಪಂದವಾಯಿತು. ಸಂಘಕ್ಕೆ ಮನ್ನಣೆ ಸಿಕ್ಕಿತು, ಕೂಲಿಯೂ ಏರಿತು. ಮೊದಲು ಮನುಷ್ಯನೆಂಬ ಮಾತು, ಅದರ ಬೆನ್ನಿಗೆ ಕೂಲಿ.

ಹಾಗಾದರೆ ನಾಳೆಯಿಂದ ನಾವು ಮಾಡಬೇಕಾದ್ದೇನು? ಮೂರೇ ಕೆಲಸ ಹೇಳುತ್ತೇನೆ. ನಿಮ್ಮ ಕೆಲಸ ಏನು, ಅದರಲ್ಲಿ ಯಾವುದು ಕಷ್ಟ, ಯಾವುದರಲ್ಲಿ ನಿಮ್ಮ ಕೈ ಪಳಗಿದೆ ಎಂಬುದನ್ನು ಮಕ್ಕಳಿಗೆ ಹೇಳಿ. ಬಾರದ ಒಂದು ವಿದ್ಯೆಯನ್ನು, ಅರ್ಜಿ ಬರೆಯುವುದೋ ಲೆಕ್ಕ ಇಡುವುದೋ, ಬಲ್ಲವರನ್ನು ಕೇಳಿ ಕಲಿಯಿರಿ. ಅವರು ನಿಮಗಿಂತ ಚಿಕ್ಕವರಾದರೂ ಚಿಂತೆಯಿಲ್ಲ. ಮೂರನೆಯದು, ನಿಮ್ಮ ಎದುರು ಯಾರಾದರೂ ನಿಮ್ಮ ಕಸುಬನ್ನು ಹೀನಾಯವಾಗಿ ಆಡಿದರೆ ನಗಬೇಡಿ. ಜಗಳವಾಡಬೇಕಾಗಿಲ್ಲ. "ಆ ಮಾತು ಸರಿಯಲ್ಲ" ಎಂದರೆ ಸಾಕು.

ನಾನು ಆ ತಂದೆಯ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಬಹಳ ದಿನ ಅಂದುಕೊಂಡೆ. ಮಾಸ್ತರ ಹಾಗೆ ಹೋಗುವುದೇ ಎಂಬ ಹಮ್ಮು ಅಡ್ಡ ಬಂತು. ಕೊನೆಗೆ ಹೋದಾಗ ಅವರು ಮನೆ ಬದಲಿಸಿದ್ದರು. ಎಲ್ಲಿಗೆಂದು ನೆರೆಯವರಿಗೂ ತಿಳಿದಿರಲಿಲ್ಲ. ಅವರಿಗೆ ಹೇಳಬೇಕಾಗಿದ್ದುದನ್ನು ಇಂದು ನಿಮಗೆ ಹೇಳಿದ್ದೇನೆ. ಅಂಥವರು ನಿಮ್ಮ ಪಾಳಿಯಲ್ಲಿ, ನಿಮ್ಮ ಓಣಿಯಲ್ಲಿ ಇದ್ದಾರು. ದಯವಿಟ್ಟು ಈ ಮಾತನ್ನು ಅವರಿಗೆ ಮುಟ್ಟಿಸಿ.