ಕೆಸರು ತಳಕ್ಕಿಳಿಯದಿದ್ದಾಗ
(ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈ ಸೀಮೆಯ ಗದ್ದೆಗಳಿಗೆ ಹರಿದುಬರುವ ನೀರು ಹುಟ್ಟುವುದು ನಾನು ವಾಸಿಸುವ ಮಲೆನಾಡಿನಲ್ಲಿ. ಗಂಗಾಮೂಲದಲ್ಲಿ ಮೈದಳೆದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗುವ ಮೊದಲೇ ಹಲವು ಊರುಗಳ ಕೊಳಕನ್ನು ಹೊತ್ತಿರುತ್ತಾರೆ. ಆದ್ದರಿಂದ ಚರಂಡಿ ನೀರಿನ ಶುದ್ಧೀಕರಣ ಮೇಲಿನವರಿಗೂ ಕೆಳಗಿನವರಿಗೂ ಸೇರಿದ ವಿಷಯ. ಅದರಲ್ಲಿ ಕಾಣಿಸಿಕೊಳ್ಳುವ ಒಂದು ರೋಗದ ಬಗ್ಗೆ ಮಾತ್ರ ಇಂದು ಹೇಳುತ್ತೇನೆ. ಅದರ ಹೆಸರು ಸ್ಲಡ್ಜ್ ಬಲ್ಕಿಂಗ್, ಅಂದರೆ ಕೆಸರಿನ ಉಬ್ಬರ.

ಚರಂಡಿ ನೀರಿಗೆ ಗಾಳಿಯೂದಿದರೆ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಬೆಳೆಯುತ್ತವೆ. ಒಂದಕ್ಕೊಂದು ಅಂಟಿ ಸಣ್ಣ ಮುದ್ದೆಗಳಾಗುತ್ತವೆ. ಮುಂದಿನ ತೊಟ್ಟಿಯಲ್ಲಿ ಮುದ್ದೆಗಳು ತಳಕ್ಕಿಳಿದು ಮೇಲೆ ತಿಳಿನೀರು ಉಳಿಯುತ್ತದೆ. ಇಳಿದ ಕೆಸರಿನ ಬಹುಭಾಗವನ್ನು ಗಾಳಿಯ ತೊಟ್ಟಿಗೇ ಮರಳಿಸಲಾಗುತ್ತದೆ, ನಮ್ಮ ಮನೆಗಳಲ್ಲಿ ಹೆಪ್ಪಿಗೆಂದು ಮೊಸರು ಉಳಿಸುವಂತೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಈ ವಿಧಾನವನ್ನು ಪ್ರಕಟಿಸಿದರು. ಅವರಿಗೆ ಪ್ರೇರಣೆಯಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯ ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ ಅವರು ಈ ಕೆಸರಿನಲ್ಲಿ ಪ್ರೋಟೋಜೋವಾಗಳ ಪಾತ್ರವನ್ನು ಕುರಿತು 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕೆಸರಿನ ಜೀವಶಾಸ್ತ್ರ ನಮ್ಮ ನಾಡಿಗೆ ಹೊಸತಲ್ಲ. ನಾವು ಅದನ್ನು ಮರೆತಿದ್ದೇವೆ, ಅಷ್ಟೇ.

ಮುದ್ದೆಯೊಳಗೆ ದಾರದಂತೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳಿರುತ್ತವೆ. ಅವು ಶತ್ರುಗಳಲ್ಲ. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸುವಂತೆ, ಮುದ್ದೆಗೆ ಗಟ್ಟಿತನ ಬರುವುದು ಅವುಗಳಿಂದಲೇ. ಅವು ಮಿತಿಮೀರಿದಾಗ ತೊಂದರೆ. ಎಳೆಗಳು ಮುದ್ದೆಯ ಹೊರಗೆ ಚಾಚಿ, ನೆರೆಯ ಮುದ್ದೆಗಳೊಂದಿಗೆ ಹೆಣೆದುಕೊಂಡು, ಅರಳೆಯಂತೆ ಉಬ್ಬಿ ನಿಲ್ಲುತ್ತವೆ. ಆಗ ಕೆಸರು ಇಳಿಯದೆ ತಿಳಿನೀರಿನೊಂದಿಗೆ ದಡ ದಾಟಿ ಹೋಗುತ್ತದೆ.

ಏಕೆ ಮಿತಿಮೀರುತ್ತವೆ? ದುಂಡನೆಯ ಬ್ಯಾಕ್ಟೀರಿಯಾ ಮುದ್ದೆಯೊಳಗೆ ಹುದುಗಿರುತ್ತದೆ. ಎಳೆಯಾದರೋ ಹೊರಗೆ ಚಾಚಿ ಸಿಕ್ಕಷ್ಟನ್ನು ಹೀರಿಕೊಳ್ಳುತ್ತದೆ. ಆದುದರಿಂದ ಆಮ್ಲಜನಕವೋ ಆಹಾರವೋ ವಿರಳವಾದೊಡನೆ ಎಳೆಗಳದೇ ಮೇಲುಗೈ. ಆಮ್ಲಜನಕ ಸಾಲದ ಕಡೆ ಸ್ಫೀರೋಟೈಲಸ್, ಕೊಳೆತು ಗಂಧಕದ ವಾಸನೆ ಬಂದ ನೀರಿನಲ್ಲಿ ಥಯೋಥ್ರಿಕ್ಸ್, ಎಣ್ಣೆ ಜಿಡ್ಡು ಹೆಚ್ಚಿದ್ದಲ್ಲಿ ಮೈಕ್ರೋಥ್ರಿಕ್ಸ್ ಬಹುವಾಗಿ ಕಾಣಿಸಿಕೊಳ್ಳುತ್ತವೆ. ಯಾವ ಎಳೆ ಬೆಳೆದಿದೆಯೆಂದು ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲವನು ಕಾರಣವನ್ನು ಬಹುಪಾಲು ಊಹಿಸಬಲ್ಲ. ರೈತನು ಕಳೆಯನ್ನು ಕಂಡು ಮಣ್ಣಿನ ಗುಣ ಹೇಳುವುದಿಲ್ಲವೇ?

ಉಬ್ಬರದಿಂದ ಹೆಚ್ಚು ನಷ್ಟವಾಗುವುದು ನಿಧಾನವಾಗಿ ಬೆಳೆಯುವ ಜೀವಿಗಳಿಗೆ. ಅಮೋನಿಯಾವನ್ನು ನೈಟ್ರೇಟ್ ಆಗಿಸುವ ನೈಟ್ರೋಸೊಮೊನಾಸ್, ನೈಟ್ರೋಸ್ಪೈರಾಗಳು ಇಮ್ಮಡಿಯಾಗಲು ಒಂದು ದಿನವೋ ಅದಕ್ಕೂ ಹೆಚ್ಚೋ ಬೇಕು. ಕೊಳೆ ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಕೆಲವೇ ಗಂಟೆಗಳು ಸಾಕು. ಕೆಸರು ಕೊಚ್ಚಿಹೋದಾಗ ಎರಡೂ ಸಮನಾಗಿ ಹೋಗುತ್ತವೆ, ಆದರೆ ಸಮನಾಗಿ ಮರಳುವುದಿಲ್ಲ. ಉಬ್ಬರ ಇಳಿದ ಮೇಲೂ ವಾರಗಟ್ಟಲೆ ಅಮೋನಿಯಾ ಹಾಗೆಯೇ ಹೊರಬೀಳುವುದುಂಟು. ಎಳೆ ಕೊಲ್ಲಲೆಂದು ಕ್ಲೋರಿನ್ ಸುರಿಯುವ ರೂಢಿಯಿದೆ. ಹೊರಚಾಚಿದ ಎಳೆಗಳು ಮೊದಲು ಸಾಯುತ್ತವೆ, ನಿಜ. ಪ್ರಮಾಣ ಸ್ವಲ್ಪ ಮೀರಿದರೂ ಈ ನಿಧಾನಿಗಳು ಬಲಿಯಾಗುತ್ತವೆ. ಕಾರಣ ಹುಡುಕದೆ ಮದ್ದು ಸುರಿಯುವ ಈ ಚಾಳಿ ಹೊಲದಿಂದಲೇ ಘಟಕಕ್ಕೆ ಹೋಗಿರಬೇಕು!

ರೈತನಿಗೇನು ಎಂದು ಕೇಳಬಹುದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು 2018ರ ಜೂನ್‌ನಲ್ಲಿ ಕೋಲಾರದ ಕೆರೆಗಳಿಗೆ ಹರಿಸಲು ಆರಂಭಿಸಿದರು. ಮರುತಿಂಗಳೇ ನೊರೆ ಕಾಣಿಸಿ ಜನ ಬೆದರಿದರು, ವಿಷಯ ಹೈಕೋರ್ಟ್ ಮುಟ್ಟಿತು. ನೊರೆಯೆಲ್ಲವೂ ಉಬ್ಬರವಲ್ಲ. ಬೆಳ್ಳಂದೂರಿನ ನೊರೆಗೆ ಮುಖ್ಯ ಕಾರಣ ಸಾಬೂನುಪುಡಿಯ ರಾಸಾಯನಿಕಗಳು. ನಾನು ಅಂಜುವುದು ನೊರೆಗಿಂತ ಕಣ್ಣಿಗೆ ಕಾಣದ ಕೆಸರಿಗೆ. ಜಂತುಹುಳುಗಳ ಮೊಟ್ಟೆಗಳು ಸಾಮಾನ್ಯವಾಗಿ ಕೆಸರಿನೊಡನೆ ತಳ ಸೇರುತ್ತವೆ. ಕೆಸರೇ ಇಳಿಯದಿದ್ದರೆ ಅವು ಹೊಲಕ್ಕೆ ಬರುತ್ತವೆ. ನೀರಾವರಿಯ ನೀರಿನಲ್ಲಿ ಲೀಟರಿಗೆ ಒಂದು ಮೊಟ್ಟೆಗಿಂತ ಹೆಚ್ಚಿರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಬರಿಗಾಲಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಇನ್ನು ಅಮೋನಿಯಾ ಗೊಬ್ಬರವೇ ಆದರೂ, ಅಳತೆಯಿಲ್ಲದೆ ಬಂದರೆ ಭತ್ತ ಎತ್ತರಕ್ಕೆ ಹೋಗಿ ಮಲಗುತ್ತದೆ.

ನಮ್ಮ ಮಲೆನಾಡಿಗೂ ಪಾಲಿದೆ. ಕಾಫಿ ಪಲ್ಪಿಂಗ್ ನೀರು ಹುಳಿಯಾಗಿರುತ್ತದೆ. ಸಕ್ಕರೆ ಬಹಳ, ಸಾರಜನಕ ಕಡಿಮೆ. ಭತ್ತ ಕುದಿಸುವ ಮಿಲ್ಲುಗಳ ನೀರಿನಲ್ಲಿಯೂ ಸುಲಭವಾಗಿ ಕರಗಿದ ಪಿಷ್ಟ, ಸಕ್ಕರೆಗಳೇ ಹೆಚ್ಚು. ಇಂಥ ನೀರು ಎಳೆಗಳಿಗೆ ಹಬ್ಬದೂಟ. ಇವನ್ನು ಮೊದಲು ಗೋಬರ್ ಗ್ಯಾಸಿನ ಮಾದರಿಯ ಮುಚ್ಚಿದ ತೊಟ್ಟಿಯಲ್ಲಿ ಹುದುಗಿಸಿ, ಕೊರತೆಯಿರುವ ಸಾರಜನಕ, ರಂಜಕಗಳನ್ನು ಲೆಕ್ಕಹಾಕಿ ಸೇರಿಸಿ, ಆಮೇಲೆ ಗಾಳಿಗೊಡ್ಡುವುದೇ ಸರಿಯಾದ ಕ್ರಮ.

ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಗಾಳಿಯ ತೊಟ್ಟಿಯ ನೀರನ್ನು ಒಂದು ಲೀಟರಿನ ಅಳತೆ ಜಾಡಿಯಲ್ಲಿ 30 ನಿಮಿಷ ಅಲುಗಿಸದೆ ಇಡಿ. ಕೆಸರು ನಿಂತ ಮಟ್ಟವನ್ನು ಮಿಲಿಲೀಟರುಗಳಲ್ಲಿ ಓದಿ, ಲೀಟರಿನಲ್ಲಿರುವ ಒಣ ಕೆಸರಿನ ಗ್ರಾಮುಗಳಿಂದ ಭಾಗಿಸಿ. 3 ಗ್ರಾಂ ಕೆಸರು 300ರಲ್ಲಿ ನಿಂತರೆ ಸೂಚ್ಯಂಕ 100, ಆರೋಗ್ಯಕರ. ಅದೇ 600ರಲ್ಲಿ ನಿಂತರೆ 200. 150 ದಾಟಿದರೆ ಉಬ್ಬರವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ನಿಮ್ಮ ಊರಿನ ಸಮೀಪ ಶುದ್ಧೀಕರಣ ಘಟಕವಿದ್ದರೆ ಅನುಮತಿ ಪಡೆದು ಹೋಗಿ, ತಿಂಗಳಿನ ಈ ಸೂಚ್ಯಂಕದ ಪುಸ್ತಕವನ್ನು ತೋರಿಸಿರೆಂದು ಕೇಳಿ.