ಡಬ್ಬಿ ತೆರೆಯುವ ಯಂತ್ರ

ಸಕಲೇಶಪುರ, ಆಲೂರು ಕಡೆಯ ಮಳೆಗಾಲವನ್ನು ಬಲ್ಲವರೇ ಬಲ್ಲರು. ಮಳೆ ಹಿಡಿಯಿತೆಂದರೆ ಹೇಮಾವತಿ ಕೆಂಪಾಗಿ ಹರಿಯುತ್ತಾಳೆ, ಬೆಂಕಿಪೊಟ್ಟಣ ಮೆತ್ತಗಾಗುತ್ತದೆ, ಭರಣಿಯ ಉಪ್ಪು ನೀರಾಗುತ್ತದೆ. ತಂತಿಯ ಮೇಲೆ ಮರ ಬಿದ್ದರಂತೂ ಕರೆಂಟು ಎಂದು ಬಂದೀತೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಾಲಿನವನು ಹಳ್ಳ ದಾಟಿ ಬರಲಾರದ ದಿನಕ್ಕೆಂದು ನಮ್ಮ ಮನೆಯಲ್ಲಿ ಗಟ್ಟಿ ಹಾಲಿನ ನಾಲ್ಕಾರು ಡಬ್ಬಿಗಳು ಇದ್ದೇ ಇರುತ್ತವೆ. ಕಾಫಿ ಬೆಳೆಯುವ ಸೀಮೆಯಲ್ಲಿ ಕಾಫಿಯಿಲ್ಲದೆ ಕೂರುವುದೆಂದರೆ ಮಾನದ ಪ್ರಶ್ನೆ ನೋಡಿ!

ಈ ಡಬ್ಬಿ ತೆರೆಯುವುದು ನಮ್ಮ ಅವ್ವನ ಕೆಲಸ. ಅವ್ವನಿಗೆ ಈಗ ಎಪ್ಪತ್ತಾರು. ಬೆರಳ ಗೆಣ್ಣುಗಳು ಊದಿಕೊಂಡಿವೆ. ಈ ಸಂಗತಿ ತಿಳಿದ ನನ್ನ ತಮ್ಮ, ಅಮೆರಿಕದಿಂದ ಬರುವಾಗ ಡಬ್ಬಿ ತೆರೆಯುವ ವಿದ್ಯುತ್ ಯಂತ್ರವೊಂದನ್ನು ಹೊತ್ತು ತಂದ. "ಇನ್ನು ಮೇಲೆ ಒಂದು ಬೆರಳಲ್ಲಿ ಒತ್ತಿದರೆ ಸಾಕು ಅವ್ವಾ" ಎಂದ. ಅವ್ವ ಅದನ್ನು ದೇವರ ಗೂಡಿನ ಪಕ್ಕದಲ್ಲೇ ಇರಿಸಿದರು.

ತಮ್ಮ ಹಿಂದಿರುಗಿದ ಮೇಲೆ ಯಂತ್ರದ ನಿಜಗುಣ ಬಯಲಾಯಿತು. ಗುಂಡಿ ಒತ್ತಿದರೆ ದುಂಬಿಯಂತೆ ಗುಂಯ್‌ಗುಡುತ್ತದೆ. ಡಬ್ಬಿ ಕಾಲು ಸುತ್ತು ತಿರುಗುತ್ತದೆ. ಅಂಚು ದಪ್ಪವಾದ ಜಾಗಕ್ಕೆ ಬಂದೊಡನೆ ಚಕ್ರ ಜಾರಿ ನಿಂತುಬಿಡುತ್ತದೆ. ಮುಚ್ಚಳ ಪೂರ್ತಿ ತೆರೆದಿಲ್ಲ, ಮುಚ್ಚಿಯೂ ಇಲ್ಲ!

ಕಾರಣ ವಿಚಾರಿಸಿದೆ. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟು, 60 ಸೈಕಲ್ಲು. ನಮ್ಮದು 230 ವೋಲ್ಟು, 50 ಸೈಕಲ್ಲು. ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟು ಇಳಿಯುತ್ತದೆ, ಸೈಕಲ್ಲು ಬದಲಾಗುವುದಿಲ್ಲ. ಸೈಕಲ್ಲನ್ನು ನಂಬಿ ಓಡುವ ಮೋಟಾರು ಆರರಲ್ಲಿ ಒಂದು ಪಾಲು ವೇಗ ಕಳೆದುಕೊಳ್ಳುತ್ತದೆ. ಅದರ ಮೇಲೆ ಮಳೆಗಾಲದ ಬಡ ವೋಲ್ಟೇಜು! 230 ಇರಬೇಕಾದದ್ದು 180ಕ್ಕೆ ಇಳಿದರೆ ಇಂಥ ಮೋಟಾರಿನ ತಿರುಗಿಸುವ ಬಲ ಐದರಲ್ಲಿ ಮೂರು ಪಾಲಿಗೆ ಕುಗ್ಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ನಡೆಸಿತು. ಅದೇ ನಾಡಿನಲ್ಲಿ ನಮ್ಮ ಹಾಲಿನ ಡಬ್ಬಿ ಅದಕ್ಕೆ ಜಗ್ಗಲಿಲ್ಲ.

ಡಬ್ಬಿಯ ಚರಿತ್ರೆಯೇ ಹಾಗೆ. ತಗಡಿನ ಡಬ್ಬಿಯಲ್ಲಿ ಆಹಾರ ಕೂಡಿಡುವ ವಿಧಾನಕ್ಕೆ ಪೀಟರ್ ಡ್ಯುರಾಂಡ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1810ರಲ್ಲಿ. ಡಬ್ಬಿ ತೆರೆಯುವ ಸಾಧನಕ್ಕೆ ಅಮೆರಿಕದ ಎಜ್ರಾ ವಾರ್ನರ್ ಪೇಟೆಂಟ್ ಪಡೆದದ್ದು 1858ರಲ್ಲಿ. ಅಷ್ಟು ವರ್ಷ ಉಳಿ, ಸುತ್ತಿಗೆಗಳೇ ಗತಿ. ಮುಚ್ಚುವ ಜಾಣತನ ಮೊದಲು, ತೆರೆಯುವ ಚಿಂತೆ ಆಮೇಲೆ!

ಇದನ್ನೆಲ್ಲ ಹೇಳಿ ನಾನು ನಗುತ್ತಿದ್ದೆ. ಒಂದು ಬೆಳಗಿನ ಜಾವ ಮಾತ್ರ ನಗು ನಿಂತಿತು. ಕರೆಂಟಿರಲಿಲ್ಲ. ಒಲೆಯ ಬೆಳಕಿನಲ್ಲಿ ಅವ್ವ ಹಳೆಯ ಓಪನರ್ ಹಿಡಿದು ಡಬ್ಬಿಯೊಡನೆ ಸೆಣಸುತ್ತಿದ್ದರು. ಸೆರಗಿನ ತುದಿಯಲ್ಲಿ ರಕ್ತ. "ಎಬ್ಬಿಸಬಾರದಿತ್ತೇ ಅವ್ವಾ?" ಎಂದೆ. "ಒಂದು ಡಬ್ಬಿಗೆ ನಿನ್ನ ಎಬ್ಬಿಸೋದೇ ಮಗಾ?" ಎಂದರು. ಅಂದು ಸಂಜೆ ತಮ್ಮನ ಫೋನು ಬಂತು. ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಅವ್ವ ಹೇಳಿದರು: "ನಿನ್ನ ಮಿಷನ್ನು ಚೆನ್ನಾಗಿ ಓಡ್ತದಪ್ಪ."

ಆಮೇಲೆ ನಾನೇ ತಮ್ಮನಿಗೆ ನಿಜ ತಿಳಿಸಿದೆ. ಅವನು ಕೊಂಚ ಹೊತ್ತು ಸುಮ್ಮನಿದ್ದು, "ಅಲ್ಲಿ ಕರೆಂಟು ಹೇಗಿರುತ್ತೆ ಅನ್ನೋದೇ ಮರೆತುಹೋಗಿತ್ತು ಅಣ್ಣ" ಎಂದ. ಈಗ ಮನೆಗೆ ಉದ್ದ ಹಿಡಿಯ, ದೊಡ್ಡ ತಿರುಗಣಿಯ ಕೈ ಓಪನರ್ ಬಂದಿದೆ. ಮಳೆ ಜೋರಾದ ರಾತ್ರಿ ನಾನೇ ಡಬ್ಬಿ ತೆರೆದು, ಹಾಲನ್ನು ಗಾಜಿನ ಶೀಸೆಗೆ ಸುರಿದು, ಮುಚ್ಚಳವನ್ನು ಅವ್ವನ ಕೈಗೆ ಬಗ್ಗುವಷ್ಟೇ ಬಿಗಿಯುತ್ತೇನೆ.

ಕೇಳುಗರೇ, ಮನೆಯ ಹಿರಿಯರಿಗೆ ಯಂತ್ರ ಕೊಡುವುದು ಒಳ್ಳೆಯದೇ. ಆದರೆ ಕೊಳ್ಳುವ ಮುನ್ನ ಯಂತ್ರದ ಬೆನ್ನಿನ ಮೇಲೆ ಬರೆದ ವೋಲ್ಟು, ಸೈಕಲ್ಲುಗಳನ್ನು ಓದಿ. ಕೊಟ್ಟ ಮೇಲೆ "ಹೇಗೆ ಓಡುತ್ತದೆ?" ಎಂದು ಕೇಳಿ ಸುಮ್ಮನಾಗಬೇಡಿ, ಒಮ್ಮೆ ಅವರ ಕೈಯನ್ನೂ ನೋಡಿ. ಬಾಯಿ ಮುಚ್ಚಿಟ್ಟದ್ದನ್ನು ಕೈ ಹೇಳುತ್ತದೆ.

ನಮ್ಮ ಯಂತ್ರ ಈಗಲೂ ದೇವರ ಗೂಡಿನ ಪಕ್ಕದಲ್ಲೇ ಇದೆ. ಅವ್ವ ದಿನವೂ ಅದರ ಧೂಳು ಒರೆಸುತ್ತಾರೆ. ಮಗ ತಂದದ್ದಲ್ಲವೇ!